‘ಡ್ಯೂನ್’ ಸರಣಿಯ ಹೊಸ ಕಾದಂಬರಿಗಳು ಮತ್ತು ಅಭಿಮಾನಿಗಳ ತಕರಾರು: ಪದೇ ಪದೇ ಕೇಳುವ ಪ್ರಶ್ನೆಗಳು

ವೈಜ್ಞಾನಿಕ ಕಾದಂಬರಿ ಸರಣಿ ‘ಡ್ಯೂನ್’ ಬರೆದ ಫ್ರಾಂಕ್ ಹರ್ಬರ್ಟ್ 1986ರ ಫೆಬ್ರವರಿ 11ರಂದು ತೀರಿಕೊಂಡಾಗ ಆರನೆಯ ಕಾದಂಬರಿ ಕಥೆಯನ್ನು ನಡುದಾರಿಯಲ್ಲಿ ಬಿಟ್ಟಿತ್ತು. 1999ರಿಂದ ಅವರ ಮಗ ಬ್ರಯಾನ್ ಹರ್ಬರ್ಟ್ ಮತ್ತು ಕೆವಿನ್ ಜೆ. ಆಂಡರ್ಸನ್ ಸೇರಿ ಪೂರ್ವಕಥೆಗಳನ್ನೂ ಮುಂದಿನ ಕಥೆಗಳನ್ನೂ ಬರೆಯುತ್ತಾ ಬಂದಿದ್ದಾರೆ. ಅಂದಿನಿಂದ ಓದುಗರಲ್ಲಿ ಎರಡು ಬಣ: ಹೊಸ ಪುಸ್ತಕಗಳನ್ನು ಒಪ್ಪುವವರು, ಒಪ್ಪದವರು. ಹೊಸದಾಗಿ ಓದಲು ಹೊರಟವರು ಆ ಜಗಳದ ನಡುವೆ ಸಿಕ್ಕಿಬಿದ್ದು, ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು ಎಂದು ಕೇಳುತ್ತಲೇ ಇರುತ್ತಾರೆ. ಕೆಳಗಿನ ಕೆಲವು ಉತ್ತರಗಳಲ್ಲಿ ಕಥೆಯ ಗುಟ್ಟುಗಳು ಬರುತ್ತವೆ. ಅಂಥ ಕಡೆ ಮೊದಲೇ ಸೂಚಿಸಿದ್ದೇವೆ.

ಯಾವುದು ಫ್ರಾಂಕ್ ಬರೆದದ್ದು, ಯಾವುದು ಆಮೇಲಿನದು?

ಫ್ರಾಂಕ್ ಬರೆದವು ಆರು: ‘ಡ್ಯೂನ್’ (1965), ‘ಡ್ಯೂನ್ ಮೆಸ್ಸಾಯ’ (1969), ‘ಚಿಲ್ಡ್ರನ್ ಆಫ್ ಡ್ಯೂನ್’ (1976), ‘ಗಾಡ್ ಎಂಪರರ್ ಆಫ್ ಡ್ಯೂನ್’ (1981), ‘ಹೆರೆಟಿಕ್ಸ್ ಆಫ್ ಡ್ಯೂನ್’ (1984), ‘ಚಾಪ್ಟರ್‌ಹೌಸ್: ಡ್ಯೂನ್’ (1985).

ಬ್ರಯಾನ್ ಮತ್ತು ಆಂಡರ್ಸನ್ ಜೋಡಿಯದು ಇದರ ಎರಡರಷ್ಟಕ್ಕಿಂತಲೂ ಹೆಚ್ಚು. ಮೊದಲು ಬಂದದ್ದು ‘ಹೌಸ್’ ತ್ರಿವಳಿ (1999, 2000, 2001). ಇದರಲ್ಲಿ ‘ಡ್ಯೂನ್’ನ ನಾಯಕ ಪಾಲ್‌ನ ತಂದೆ ಲೀಟೋನ ಯೌವನದ ಕಥೆಯಿದೆ. ಆಮೇಲೆ ‘ಲೆಜೆಂಡ್ಸ್’ ತ್ರಿವಳಿ (2002, 2003, 2004). ಇದು ‘ಡ್ಯೂನ್’ಗಿಂತ ಹತ್ತು ಸಾವಿರ ವರ್ಷ ಹಿಂದಿನ, ಯಂತ್ರಗಳ ವಿರುದ್ಧದ ಯುದ್ಧದ ಕಥೆ. ‘ಚಾಪ್ಟರ್‌ಹೌಸ್’ನ ಮುಂದಿನ ಕಥೆ ಇರುವುದು ಎರಡರಲ್ಲಿ ಮಾತ್ರ: ‘ಹಂಟರ್ಸ್ ಆಫ್ ಡ್ಯೂನ್’ (2006), ‘ಸ್ಯಾಂಡ್‌ವರ್ಮ್ಸ್ ಆಫ್ ಡ್ಯೂನ್’ (2007). ‘ಪಾಲ್ ಆಫ್ ಡ್ಯೂನ್’ (2008) ಮತ್ತು ‘ದ ವಿಂಡ್ಸ್ ಆಫ್ ಡ್ಯೂನ್’ (2009) ಮೂಲ ಕಾದಂಬರಿಗಳ ನಡುವಿನ ಸಂದಿಯಲ್ಲಿ ಕೂರುತ್ತವೆ. ನಂತರ ‘ಸ್ಕೂಲ್ಸ್’ ತ್ರಿವಳಿ (2012, 2014, 2016), ‘ಕಾಲಡಾನ್’ ತ್ರಿವಳಿ (2020, 2021, 2022), ‘ಪ್ರಿನ್ಸೆಸ್ ಆಫ್ ಡ್ಯೂನ್’ (2023).

ಮುಖಪುಟದಲ್ಲಿ ‘ಹರ್ಬರ್ಟ್’ ಎಂಬ ಹೆಸರು ದೊಡ್ಡದಾಗಿ ಇರುವುದರಿಂದ ಎಷ್ಟೋ ಜನ ಗೊಂದಲಪಡುತ್ತಾರೆ. ಕೊಳ್ಳುವ ಮೊದಲು ಮೊದಲ ಹೆಸರು ಫ್ರಾಂಕೋ ಬ್ರಯಾನೋ ನೋಡಿಕೊಳ್ಳಿ.

ಹೊಸ ಲೇಖಕರು ಬಂದರು ಎಂಬುದಕ್ಕೇ ಇಷ್ಟು ಕೋಪವೇ?

ಅಲ್ಲ. ಬ್ರಯಾನ್ ತಂದೆಯ ಜೊತೆಗೂಡಿ ‘ಮ್ಯಾನ್ ಆಫ್ ಟು ವರ್ಲ್ಡ್ಸ್’ (1986) ಬರೆದವರು. ತಂದೆಯ ಜೀವನಚರಿತ್ರೆ ‘ಡ್ರೀಮರ್ ಆಫ್ ಡ್ಯೂನ್’ (2003) ಕೂಡ ಅವರದೇ. ಆ ಪುಸ್ತಕವನ್ನು ಎದುರು ಬಣದವರೂ ಆಧಾರವಾಗಿ ಬಳಸುತ್ತಾರೆ. ಆಂಡರ್ಸನ್ ಅಷ್ಟರಲ್ಲಾಗಲೇ ‘ಸ್ಟಾರ್ ವಾರ್ಸ್’ ಕಾದಂಬರಿಗಳಿಂದ ಹೆಸರು ಮಾಡಿದ್ದರು.

ಕೋಪದ ಬೇರು ಬೇರೆ ಕಡೆ ಇದೆ. ಫ್ರಾಂಕ್ ಬೇಕೆಂದೇ ತೆರೆದಿಟ್ಟ ಪ್ರಶ್ನೆಗಳಿಗೆ ಹೊಸ ಪುಸ್ತಕಗಳು ಒಂದೇ ಒಂದು ಉತ್ತರ ಕೊಟ್ಟು ಬಾಗಿಲು ಹಾಕಿಬಿಡುತ್ತವೆ. ಮೂಲ ಕಾದಂಬರಿಗಳು ವೀರನಾಯಕರನ್ನು ನಂಬಬೇಡಿ ಎಂದು ಎಚ್ಚರಿಸುತ್ತವೆ, ಹೊಸವು ಬಹುಮಟ್ಟಿಗೆ ವೀರರು ಮತ್ತು ದುಷ್ಟರ ಕಾಳಗವನ್ನೇ ಹೇಳುತ್ತವೆ. ಈ ಎರಡನೆಯ ದೂರಿನಲ್ಲಿ ಹೆಚ್ಚು ಹುರುಳಿದೆ ಎಂಬುದು ನಮ್ಮ ಅಭಿಪ್ರಾಯ. ಹೆಸರುಗಳ ತಪ್ಪು, ಇಸವಿಗಳ ತಪ್ಪು ಎಂಬ ಚಿಕ್ಕಪುಟ್ಟ ದೂರುಗಳೆಲ್ಲ ಅದರ ಮುಂದೆ ಹಗುರ.

ಏಳನೆಯ ಕಾದಂಬರಿಗೆ ಫ್ರಾಂಕ್ ಬಿಟ್ಟುಹೋದ ಟಿಪ್ಪಣಿ ಇತ್ತು ಎನ್ನುತ್ತಾರೆ. ನಿಜವೇ?

ಇತ್ತು ಎಂದು ಇಬ್ಬರು ಲೇಖಕರೂ ಹೇಳಿದ್ದಾರೆ. ಬ್ಯಾಂಕಿನ ಸೇಫ್ ಡಿಪಾಸಿಟ್ ಲಾಕರ್‌ನಲ್ಲಿ ಸಿಕ್ಕ ಹಳೆಯ ಫ್ಲಾಪಿ ಡಿಸ್ಕ್‌ಗಳು ಮತ್ತು ಮುದ್ರಿತ ಹಾಳೆಗಳಲ್ಲಿ ಏಳನೆಯ ಕಾದಂಬರಿಯ ರೂಪರೇಖೆ ಇತ್ತು, ‘ಹಂಟರ್ಸ್’ ಮತ್ತು ‘ಸ್ಯಾಂಡ್‌ವರ್ಮ್ಸ್’ ಅದನ್ನು ಆಧರಿಸಿವೆ ಎಂಬುದು ಅವರ ಹೇಳಿಕೆ. ಆದರೆ ಆ ರೂಪರೇಖೆ ಓದುಗರ ಕೈಗೆ ಬಂದಿಲ್ಲ. 2005ರ ‘ದ ರೋಡ್ ಟು ಡ್ಯೂನ್’ನಲ್ಲಿ ಕೈಬಿಟ್ಟ ಅಧ್ಯಾಯಗಳು, ಪತ್ರಗಳು ಅಚ್ಚಾದವು. ಎಲ್ಲರೂ ಕಾಯುತ್ತಿದ್ದ ಹಾಳೆಗಳು ಅದರಲ್ಲಿ ಇರಲಿಲ್ಲ.

ಹೀಗಾಗಿ ಯಾವ ತಿರುವು ತಂದೆಯದು, ಯಾವುದು ಮಗನದು ಎಂದು ಹೊರಗಿನವರು ಗೆರೆ ಎಳೆಯಲಾರರು. ‘ಇದು ಫ್ರಾಂಕ್ ಬಯಸಿದ್ದ ಕೊನೆಯೇ’ ಎಂದು ಆಣೆ ಮಾಡುವವರ ಬಳಿಯೂ, ‘ಟಿಪ್ಪಣಿಯೇ ಸುಳ್ಳು’ ಎನ್ನುವವರ ಬಳಿಯೂ ತೋರಿಸಲು ಪುರಾವೆಯಿಲ್ಲ. ಟಿಪ್ಪಣಿಯ ವಾದದಿಂದ ದೂರವಿದ್ದು ಅಚ್ಚಾದ ಪುಸ್ತಕಗಳನ್ನೇ ಎದುರುಬದುರು ಇಟ್ಟು ನೋಡುವುದು ಫಲ ಕೊಡುವ ದಾರಿ.

ಡೇನಿಯಲ್ ಮತ್ತು ಮಾರ್ಟಿ ಯಾರು? ಜಗಳವೆಲ್ಲ ಅವರ ಸುತ್ತಲೇ ಏಕೆ? (ಕೊನೆಯ ಗುಟ್ಟು ಇದೆ)

‘ಚಾಪ್ಟರ್‌ಹೌಸ್’ನ ಕೊನೆಯಲ್ಲಿ ಡಂಕನ್ ಐಡಹೊ, ಶಿಯಾನಾ ಮತ್ತಿತರರಿದ್ದ ಹಡಗು ಯಾರಿಗೂ ಗೊತ್ತಿಲ್ಲದ ದಿಕ್ಕಿಗೆ ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ಬಲೆ ಬೀಸಿದ್ದ ಮುದಿ ದಂಪತಿ ತೋಟದಲ್ಲಿ ನಿಂತು ಮಾತಾಡಿಕೊಳ್ಳುತ್ತಾರೆ. ಕಥೆ ಅಲ್ಲಿಗೆ ಮುಗಿಯುತ್ತದೆ. ಅವರೇ ಡೇನಿಯಲ್ ಮತ್ತು ಮಾರ್ಟಿ. ಅದರ ಹಿಂದೆಯೇ ಫ್ರಾಂಕ್ 1984ರಲ್ಲಿ ತೀರಿಕೊಂಡ ಹೆಂಡತಿ ಬೆವರ್ಲಿಯನ್ನು ನೆನೆದು ಬರೆದ ಪುಟಗಳಿವೆ. ಆ ಮಾತುಕತೆಯನ್ನೂ ಈ ಪುಟಗಳನ್ನೂ ಒಟ್ಟಿಗೆ ಓದಿದವರಿಗೆ ಈ ಕೊನೆ ಏಕೆ ಇಷ್ಟು ಹತ್ತಿರವಾಯಿತು ಎಂದು ಬೇರೆ ಹೇಳಬೇಕಿಲ್ಲ.

‘ಸ್ಯಾಂಡ್‌ವರ್ಮ್ಸ್’ ಪ್ರಕಾರ ಈ ದಂಪತಿ ಓಮ್ನಿಯಸ್ ಮತ್ತು ಎರಾಸ್ಮಸ್. ಅಂದರೆ ‘ಲೆಜೆಂಡ್ಸ್’ ತ್ರಿವಳಿಯ ಯಂತ್ರಬುದ್ಧಿಗಳು, ಸಾವಿರಾರು ವರ್ಷ ಬದುಕಿ ಮರಳಿ ಬಂದವು. ಇಲ್ಲಿ ತಕರಾರು ಬಲವಾಗಿದೆ. ಮೂಲದ ಕೊನೆಯ ಮಾತುಕತೆಯಲ್ಲಿ ಈ ಇಬ್ಬರೂ ತಮ್ಮನ್ನು ಫೇಸ್ ಡ್ಯಾನ್ಸರ್‌ಗಳ ಸಾಲಿಗೇ ಸೇರಿಸಿ ಮಾತಾಡುತ್ತಾರೆ. ಫೇಸ್ ಡ್ಯಾನ್ಸರ್ ಎಂದರೆ ಯಾರ ರೂಪವನ್ನಾದರೂ ತಾಳಬಲ್ಲ, ಟ್ಲೈಲಾಕ್ಸು ಎಂಬ ಜನಾಂಗದ ಒಡೆಯರು ಸೃಷ್ಟಿಸಿದ ಜೀವಿ. ಇತರರ ನೆನಪುಗಳನ್ನು ಹೀರುತ್ತಾ ಹೀರುತ್ತಾ ನಾವು ಒಡೆಯರ ಹಿಡಿತದಿಂದ ಬಿಡಿಸಿಕೊಂಡೆವು ಎಂಬುದು ಅವರ ಮಾತಿನ ಸಾರ. ತಾವು ಸೃಷ್ಟಿಸಿದ್ದೇ ತಮ್ಮನ್ನು ಮೀರಿ ಬೆಳೆಯುವುದು ಫ್ರಾಂಕ್ ಆರು ಪುಸ್ತಕಗಳಲ್ಲೂ ತಿರುತಿರುಗಿ ನೋಡಿದ ವಿಷಯ. ಅದರ ಜಾಗದಲ್ಲಿ ಹಳೆಯ ವೈರಿ ಮರಳಿ ಬಂದ ಎಂಬ ಕಥೆ ಬಂದು ಕೂತಿತು.

ಹೊಸದನ್ನು ಒಪ್ಪುವವರು, ಆ ಇಬ್ಬರು ಹಾಕಿಕೊಂಡದ್ದು ವೇಷ, ಅವರ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬೇಕಿಲ್ಲ ಎನ್ನುತ್ತಾರೆ. ಆದರೆ ಬೇರೆ ಯಾರೂ ಕೇಳದ ಜಾಗದಲ್ಲಿ, ತಮ್ಮ ತಮ್ಮಲ್ಲೇ ಮಾತಾಡುವಾಗ ವೇಷವೇಕೆ ಎಂಬ ಪ್ರಶ್ನೆ ಉಳಿಯುತ್ತದೆ.

ಸತ್ತ ಪಾತ್ರಗಳನ್ನೆಲ್ಲ ಮತ್ತೆ ಹುಟ್ಟಿಸಿದ್ದು ಹೊಸ ಲೇಖಕರ ಅಗ್ಗದ ಉಪಾಯವಲ್ಲವೇ? (ಗುಟ್ಟು ಇದೆ)

ಈ ದೂರು ಅರ್ಧ ಮಾತ್ರ ನ್ಯಾಯ. ಸತ್ತವರ ಜೀವಕೋಶದಿಂದ ಮತ್ತೆ ಬೆಳೆಸಿದ ದೇಹಕ್ಕೆ ಈ ಸರಣಿಯಲ್ಲಿ ಘೋಲಾ ಎನ್ನುತ್ತಾರೆ. ಡಂಕನ್ ಐಡಹೊನನ್ನು ಹೀಗೆ ಮೊದಲು ಮರಳಿ ತಂದವರು ಫ್ರಾಂಕ್, ‘ಮೆಸ್ಸಾಯ’ದಲ್ಲಿಯೇ. ಪಾಲ್, ಅವನ ಪ್ರೇಯಸಿ ಚಾನಿ ಮೊದಲಾದವರ ಜೀವಕೋಶಗಳನ್ನು ಟ್ಲೈಲಾಕ್ಸು ಒಡೆಯ ಸೈಟೇಲ್ ತನ್ನ ದೇಹದೊಳಗಿನ ಕ್ಯಾಪ್ಸೂಲ್‌ನಲ್ಲಿ ಬಚ್ಚಿಟ್ಟಿದ್ದಾನೆ ಎಂಬ ಬೀಜವೂ ‘ಚಾಪ್ಟರ್‌ಹೌಸ್’ನಲ್ಲಿದೆ. ಇಬ್ಬರು ಲೇಖಕರು ಆ ಬೀಜವನ್ನು ಬಿತ್ತಿದರು ಅಷ್ಟೇ. ಬೆಳೆಯನ್ನು ದೂರಬಹುದು: ಘೋಲಾಗಳ ಸಂಖ್ಯೆ ಹೆಚ್ಚಾಗಿ, ಒಬ್ಬೊಬ್ಬರಿಗೂ ಸಿಗುವ ಪುಟ ಕಡಿಮೆಯಾಗಿ, ಪಾಲ್‌ನಂಥ ಪಾತ್ರವೂ ತೆಳುವಾಗಿ ಕಾಣುತ್ತದೆ.

ಬಟ್ಲೇರಿಯನ್ ಜಿಹಾದ್ ಬಗ್ಗೆ ಯಾರು ಸರಿ?

‘ಲೆಜೆಂಡ್ಸ್’ ತ್ರಿವಳಿ ಹೇಳುವ, ಯಂತ್ರಗಳ ವಿರುದ್ಧದ ಆ ಪುರಾತನ ಯುದ್ಧವೇ ಬಟ್ಲೇರಿಯನ್ ಜಿಹಾದ್. ಎರಡೂ ಬಣದವರು ಒಂದೇ ಪುಸ್ತಕದ ಬೇರೆ ಬೇರೆ ಪುಟ ಹಿಡಿದು ವಾದ ಮಾಡುತ್ತಾರೆ. ಆದ್ದರಿಂದಲೇ ಈ ವಾದ ಮುಗಿಯುವುದಿಲ್ಲ.

‘ಡ್ಯೂನ್’ನ ಮೊದಲ ಅಧ್ಯಾಯದಲ್ಲಿ ಪಾಲ್‌ನನ್ನು ಪರೀಕ್ಷಿಸಲು ಬಂದ ಮುದುಕಿ ಮೋಹಿಯಮ್ ಅವನಿಗೆ ಹೇಳುವುದು ಇದು: ಮನುಷ್ಯರು ಬಿಡುಗಡೆ ಸಿಗಲೆಂದು ತಮ್ಮ ಯೋಚನೆಯನ್ನು ಯಂತ್ರಗಳಿಗೆ ಒಪ್ಪಿಸಿದರು, ಯಂತ್ರಗಳು ಕೈಯಲ್ಲಿದ್ದ ಬೇರೆ ಮನುಷ್ಯರು ಅವರನ್ನು ದಾಸರನ್ನಾಗಿ ಮಾಡಿಕೊಂಡರು. ಇಲ್ಲಿ ಒಡೆಯರು ಮನುಷ್ಯರೇ. ‘ಗಾಡ್ ಎಂಪರರ್’ನಲ್ಲಿ ಪಾಲ್‌ನ ಮಗ, ಅಜ್ಜನ ಹೆಸರನ್ನೇ ಹೊತ್ತ ಎರಡನೆಯ ಲೀಟೋ ಕೂಡ, ಜಿಹಾದ್‌ನ ಗುರಿ ಯಂತ್ರಗಳಷ್ಟೇ ಅಲ್ಲ, ಯಂತ್ರದಂಥ ಮನೋಭಾವವೂ ಹೌದು ಎನ್ನುವ ಅರ್ಥದ ಮಾತಾಡುತ್ತಾನೆ. ಇನ್ನೊಂದು ಕಡೆ ‘ಡ್ಯೂನ್’ನ ಕೊನೆಯ ಪದಕೋಶ ನೋಡಿ. ಬಾಹ್ಯಾಕಾಶ ಸಾರಿಗೆಯ ಗಿಲ್ಡ್‌ನ ಹೆಸರಲ್ಲಿ ಎಣಿಸುವ ಗಿಲ್ಡ್ ಶಕೆಗೆ 201 ವರ್ಷ ಮೊದಲು ಶುರುವಾಗಿ 108 ವರ್ಷ ಮೊದಲು ಮುಗಿದ ಈ ಹೋರಾಟ ಕಂಪ್ಯೂಟರ್‌ಗಳು, ಯೋಚಿಸುವ ಯಂತ್ರಗಳು ಮತ್ತು ಪ್ರಜ್ಞೆಯುಳ್ಳ ರೋಬಾಟ್‌ಗಳ ವಿರುದ್ಧ ನಡೆಯಿತು ಎಂದು ಅಲ್ಲಿ ಸ್ಪಷ್ಟವಾಗಿದೆ. ಪ್ರಜ್ಞೆಯುಳ್ಳ ರೋಬಾಟ್‌ಗಳನ್ನು ಮಗ ಹೊಸದಾಗಿ ತಂದ ಎಂಬ ಆರೋಪ ಇಲ್ಲಿಗೆ ಬಿದ್ದುಹೋಗುತ್ತದೆ.

‘ಲೆಜೆಂಡ್ಸ್’ ತ್ರಿವಳಿ ಎರಡನ್ನೂ ಹೊಲಿಯಲು ಯತ್ನಿಸುತ್ತದೆ. ಮೊದಲು ಟೈಟನ್‌ಗಳೆಂಬ ಮನುಷ್ಯರು ಯಂತ್ರಗಳ ಬಲದಿಂದ ಆಳುತ್ತಾರೆ. ಅವರಲ್ಲೊಬ್ಬನ ಸೋಮಾರಿತನದಿಂದ ಅಧಿಕಾರ ಓಮ್ನಿಯಸ್‌ಗೆ ಜಾರುತ್ತದೆ. ಸಂಗತಿಗಳ ಮಟ್ಟದಲ್ಲಿ ಇದು ಮೂಲಕ್ಕೆ ತೀರಾ ವಿರುದ್ಧವಲ್ಲ. ಒತ್ತು ಬದಲಾಗಿದೆ. ಫ್ರಾಂಕ್‌ಗೆ ಮುಖ್ಯವಾದದ್ದು ಮನುಷ್ಯ ಯೋಚನೆಯನ್ನು ಬಿಟ್ಟುಕೊಟ್ಟ ಆ ಮೊದಲ ಹೆಜ್ಜೆ. ತ್ರಿವಳಿಗೆ ಮುಖ್ಯವಾದದ್ದು ಆಮೇಲಿನ ಯುದ್ಧ.

‘ಡ್ಯೂನ್ ಎನ್‌ಸೈಕ್ಲೊಪೀಡಿಯಾ’ದಲ್ಲಿ ಬೇರೆ ಥರ ಇದೆಯಲ್ಲ?

ಇದೆ. ವಿಲಿಸ್ ಇ. ಮೆಕ್‌ನೆಲ್ಲಿ ಸಂಪಾದಿಸಿ 1984ರಲ್ಲಿ ಬಂದ ಆ ಗ್ರಂಥವನ್ನು ಬರೆದವರು ಬೇರೆಯವರು. ಫ್ರಾಂಕ್ ಮುನ್ನುಡಿ ಬರೆದು ಸಂತೋಷದಿಂದ ಒಪ್ಪಿದರು, ಆದರೆ ಮುಂದೆ ತಾವು ಬರೆಯುವುದರ ಬಗ್ಗೆ ತಮ್ಮ ನಿರ್ಧಾರ ತಮ್ಮದೇ ಎಂದು ಅಲ್ಲೇ ಜಾಗ ಉಳಿಸಿಕೊಂಡರು. ಬ್ರಯಾನ್ ಮತ್ತು ಆಂಡರ್ಸನ್ ಅದನ್ನು ಅಧಿಕೃತವೆಂದು ಒಪ್ಪುವುದಿಲ್ಲ. ಜಿಹಾದ್‌ಗೆ ಕಾರಣಳಾದವಳು ಅದರಲ್ಲಿ ಜೆಹಾನ್ ಬಟ್ಲರ್, ಹೊಸ ಕಾದಂಬರಿಗಳಲ್ಲಿ ಸೆರೀನಾ ಬಟ್ಲರ್. ಪಾಲ್‌ನ ತಾಯಿ ಜೆಸ್ಸಿಕಾಳ ತಾಯಿ ಯಾರೆಂಬುದೂ ಎರಡರಲ್ಲಿ ಬೇರೆ ಬೇರೆ.

ಹಳೆಯ ಅಭಿಮಾನಿಗಳು ‘ಮೂಲಕ್ಕೆ ವಿರುದ್ಧ’ ಎಂದು ಪಟ್ಟಿ ಮಾಡುವ ಎಷ್ಟೋ ಅಂಶ ವಾಸ್ತವದಲ್ಲಿ ಎನ್‌ಸೈಕ್ಲೊಪೀಡಿಯಾಕ್ಕೆ ವಿರುದ್ಧ, ಫ್ರಾಂಕ್‌ನ ಆರು ಪುಸ್ತಕಗಳಿಗಲ್ಲ. ವಾದಕ್ಕೆ ಇಳಿಯುವ ಮೊದಲು ಇದೊಂದನ್ನು ಖಚಿತಪಡಿಸಿಕೊಳ್ಳಿ.

ಒಂದು ವಿರೋಧಾಭಾಸ ಸಿಕ್ಕಿತು. ಅದು ನಿಜವಾದದ್ದೇ ಎಂದು ಪರೀಕ್ಷಿಸುವುದು ಹೇಗೆ?

ಆ ವಾಕ್ಯ ಯಾವ ಪುಸ್ತಕದ್ದು, ಯಾವ ಇಸವಿಯದು ಎಂದು ಮೊದಲು ಗುರುತಿಸಿ. ಹೇಳುತ್ತಿರುವುದು ಯಾರು ಎಂಬುದು ಅದಕ್ಕಿಂತ ಮುಖ್ಯ: ನಿರೂಪಕನೇ, ಪಾತ್ರವೇ, ಅಧ್ಯಾಯದ ತಲೆಯ ಮೇಲಿನ ಉಲ್ಲೇಖವೇ, ಅನುಬಂಧವೇ? ‘ಡ್ಯೂನ್’ಗೆ ನಾಲ್ಕು ಅನುಬಂಧಗಳೂ ಒಂದು ಪದಕೋಶವೂ ಇವೆ. ಅವು ಕಥೆಯ ಲೋಕದ ಒಳಗಿನ ದಾಖಲೆಗಳಂತೆ ಬರೆದವು, ಹಾಗಾಗಿ ಅವುಗಳಲ್ಲೂ ಪಕ್ಷಪಾತ ಇರಬಹುದು. ಮುಂದೆ, ಫ್ರಾಂಕ್ ತಾವೇ ನಂತರದ ಪುಸ್ತಕದಲ್ಲಿ ಅದನ್ನು ತಿದ್ದಿದ್ದಾರೆಯೇ ನೋಡಿ. ಕೊನೆಗೆ, ಹೊಸ ಪುಸ್ತಕ ಆ ಭೇದವನ್ನು ಗಮನಿಸಿ ಸಮಜಾಯಿಷಿ ಕೊಟ್ಟಿದೆಯೇ ನೋಡಿ.

ಪಾಲ್‌ನ ಜನ್ಮಸ್ಥಳ ಒಳ್ಳೆಯ ಉದಾಹರಣೆ. ಅವನು ಕಾಲಡಾನ್ ಗ್ರಹದಲ್ಲಿ ಹುಟ್ಟಿ ಮೊದಲ ಹದಿನೈದು ವರ್ಷ ಅಲ್ಲೇ ಕಳೆದ ಎಂದು ‘ಡ್ಯೂನ್’ನ ಮೊಟ್ಟಮೊದಲ ಉಲ್ಲೇಖ ಹೇಳುತ್ತದೆ. ‘ಹೌಸ್ ಕೊರಿನೊ’ದಲ್ಲಿ ಅವನು ಹುಟ್ಟುವುದು ರಾಜಧಾನಿ ಕೈಟೈನ್‌ನಲ್ಲಿ. ಓದುಗರು ಸಿಟ್ಟಾದರು. ಆದರೆ ಆ ಉಲ್ಲೇಖ ರಾಜಕುಮಾರಿ ಇರುಲಾನ್ ಬರೆದದ್ದು. ‘ಪಾಲ್ ಆಫ್ ಡ್ಯೂನ್’ ಇದೇ ಎಳೆ ಹಿಡಿದು, ಇರುಲಾನ್ ಬರೆದದ್ದು ಪ್ರಚಾರದ ಇತಿಹಾಸ, ಸತ್ಯ ಬೇರೆ ಎನ್ನುತ್ತದೆ. ಸಮಜಾಯಿಷಿ ಜಾಣತನದ್ದೇ. ತೊಡಕೆಂದರೆ, ಇದನ್ನು ಒಮ್ಮೆ ಒಪ್ಪಿಕೊಂಡರೆ ಇರುಲಾನ್‌ಳ ಯಾವ ಉಲ್ಲೇಖವನ್ನೂ ನಂಬುವಂತಿಲ್ಲ, ಮೂಲ ಕಾದಂಬರಿಯ ಅಧ್ಯಾಯಗಳೆಲ್ಲ ನಿಂತಿರುವುದು ಅವುಗಳ ಮೇಲೆಯೇ.

ಶೈಲಿ ಬೇರೆ ಎನ್ನುತ್ತಾರೆ. ನಿಖರವಾಗಿ ಏನು ಬೇರೆ?

‘ಡ್ಯೂನ್’ನಲ್ಲಿ ಪಾಲ್‌ನ ಮನೆತನದ ವೈದ್ಯ ಡಾಕ್ಟರ್ ಯುಯೆ ದ್ರೋಹ ಬಗೆಯುತ್ತಾನೆ ಎಂಬುದು ಓದುಗನಿಗೆ ಆರಂಭದಲ್ಲೇ ತಿಳಿದುಬಿಡುತ್ತದೆ. ಯಾರು ಎಂಬ ಕುತೂಹಲವನ್ನು ಫ್ರಾಂಕ್ ತಾವೇ ಕೈಬಿಟ್ಟು, ಗೊತ್ತಿದ್ದೂ ತಪ್ಪಿಸಲಾಗದ ಸಂಕಟವನ್ನು ಕಟ್ಟುತ್ತಾರೆ. ಒಂದೇ ದೃಶ್ಯದಲ್ಲಿ ಇಬ್ಬರು ಮೂವರ ಮನಸ್ಸಿನೊಳಗೆ ಹೊಕ್ಕು ಬರುತ್ತಾರೆ. ಊಟದ ಮೇಜಿನ ಮಾತುಕತೆಯೂ ಕತ್ತಿವರಸೆಯಾಗುವುದು ಹೀಗೆ. ದೊಡ್ಡ ಯುದ್ಧಗಳನ್ನು ಅವರು ಎಷ್ಟೋ ಸಲ ತೋರಿಸುವುದೇ ಇಲ್ಲ. ‘ಡ್ಯೂನ್’ ಮತ್ತು ‘ಮೆಸ್ಸಾಯ’ದ ನಡುವೆ ಪಾಲ್‌ನ ಹೆಸರಲ್ಲಿ ನಡೆದ ಜಿಹಾದ್ ಹನ್ನೆರಡು ವರ್ಷದ್ದು. ಅದು ಪುಟಗಳ ಆಚೆಯೇ ನಡೆದುಹೋಗುತ್ತದೆ.

ಹೊಸ ಕಾದಂಬರಿಗಳಲ್ಲಿ ಅಧ್ಯಾಯಗಳು ಚಿಕ್ಕವು, ಪಾತ್ರಗಳು ಹಲವು, ಪ್ರತಿ ಅಧ್ಯಾಯ ಒಂದು ಕೊಕ್ಕೆಯಲ್ಲಿ ನಿಲ್ಲುತ್ತದೆ. ಹಿಂದೆ ನಡೆದದ್ದನ್ನು ಮತ್ತೆ ಮತ್ತೆ ನೆನಪಿಸುತ್ತಾರೆ. ವೇಗವಾಗಿ ಓದಿಸಿಕೊಳ್ಳುತ್ತವೆ. ಆದರೆ ಪಾತ್ರಗಳು ತಾವು ಯೋಚಿಸಿದ್ದನ್ನೆಲ್ಲ ಬಾಯಿಬಿಟ್ಟು ಹೇಳುವುದರಿಂದ ಓದುಗನಿಗೆ ಊಹಿಸುವ ಕೆಲಸ ಉಳಿಯುವುದಿಲ್ಲ. ಖಳರನ್ನು ವಿವರಿಸುವ ರೀತಿಯಲ್ಲೂ ಇದು ಕಾಣುತ್ತದೆ. ಮೂಲದಲ್ಲಿ ಮುಖ್ಯ ಖಳ ಬ್ಯಾರನ್ ಹಾರ್ಕೊನನ್‌ನ ದಪ್ಪ ಮೈ ಅವನ ಹೊಟ್ಟೆಬಾಕತನದ ಗುರುತು. ‘ಹೌಸ್’ ತ್ರಿವಳಿಯಲ್ಲಿ ಅದು ಮೋಹಿಯಮ್ ಅಂಟಿಸಿದ ರೋಗ. ಗುಣವೊಂದು ಹೀಗೆ ಘಟನೆಯಾಗಿ ಇಳಿದುಬಿಡುತ್ತದೆ.

ಫ್ರಾಂಕ್ ಬರೆದ ಮುಂದಿನ ಭಾಗಗಳನ್ನಾದರೂ ಎಲ್ಲರೂ ಮೆಚ್ಚಿದ್ದರೇ?

ಇಲ್ಲ. ‘ಡ್ಯೂನ್’ ಮೊದಲು ಧಾರಾವಾಹಿಯಾಗಿ ಬಂದದ್ದು ‘ಅನಲಾಗ್’ ಪತ್ರಿಕೆಯಲ್ಲಿ. ಅದರ ಸಂಪಾದಕ ಜಾನ್ ಡಬ್ಲ್ಯು. ಕ್ಯಾಂಪ್‌ಬೆಲ್ ‘ಮೆಸ್ಸಾಯ’ವನ್ನು ತಿರಸ್ಕರಿಸಿದರು. ನಾಯಕ ಸೋಲುವುದು ಅವರಿಗೆ ಹಿಡಿಸಲಿಲ್ಲ. ಕಥೆ ‘ಗ್ಯಾಲಕ್ಸಿ’ಯಲ್ಲಿ ಬಂತು. ಓದುಗರಲ್ಲೂ ಅದೇ ನಿರಾಸೆ ಇತ್ತು. ‘ಮೆಸ್ಸಾಯ’ ಮತ್ತು ‘ಚಿಲ್ಡ್ರನ್’ನ ಕೆಲವು ಭಾಗಗಳನ್ನು ಮೊದಲ ಕಾದಂಬರಿ ಮುಗಿಯುವ ಮುನ್ನವೇ ಬರೆದಿದ್ದೆ ಎಂದು ಫ್ರಾಂಕ್ ನಂತರ ಹೇಳಿದರು. ಅಂದರೆ ಪಾಲ್‌ನ ಪತನ ಆಮೇಲೆ ಹೊಳೆದದ್ದಲ್ಲ, ಯೋಜನೆಯ ಭಾಗವೇ ಆಗಿತ್ತು.

ಓದುವ ಕ್ರಮ ಹೇಗಿರಬೇಕು? ಎಲ್ಲಿ ನಿಲ್ಲಿಸಬಹುದು?

ಫ್ರಾಂಕ್‌ನ ಆರನ್ನು ಪ್ರಕಟವಾದ ಕ್ರಮದಲ್ಲೇ ಓದಿ. ‘ಮೆಸ್ಸಾಯ’ ಮುಗಿದಾಗ ಪಾಲ್‌ನ ಕಥೆಗೆ ಒಂದು ಪೂರ್ಣತೆ ಸಿಗುತ್ತದೆ. ಅದು ಮೊದಲ ಒಳ್ಳೆಯ ನಿಲ್ದಾಣ. ಎರಡನೆಯದು ‘ಗಾಡ್ ಎಂಪರರ್’. ‘ಹೆರೆಟಿಕ್ಸ್’ ಅದರ 1,500 ವರ್ಷದ ನಂತರ ಹೊಸ ಪಾತ್ರಗಳೊಂದಿಗೆ ಶುರುವಾಗುತ್ತದೆ. ಅದನ್ನು ಕೈಗೆತ್ತಿಕೊಂಡರೆ ‘ಚಾಪ್ಟರ್‌ಹೌಸ್’ವರೆಗೂ ಹೋಗಿ.

ಅಲ್ಲಿಂದ ನೇರ ‘ಹಂಟರ್ಸ್’ಗೆ ಹಾರುವವರೇ ಹೆಚ್ಚು ಎಡವುತ್ತಾರೆ. ಅದರ ವೈರಿಗಳು ಹುಟ್ಟಿದ್ದು ‘ಲೆಜೆಂಡ್ಸ್’ ತ್ರಿವಳಿಯಲ್ಲಿ. ಓಮ್ನಿಯಸ್, ಎರಾಸ್ಮಸ್, ನಾರ್ಮಾ ಸೆನ್ವಾ ಯಾರೆಂದು ಗೊತ್ತಿಲ್ಲದಿದ್ದರೆ ಕೊನೆ ಆಕಾಶದಿಂದ ಉದುರಿದಂತಿರುತ್ತದೆ. ಮುಂದುವರಿಯಲೇಬೇಕು ಎನ್ನುವವರು ‘ಚಾಪ್ಟರ್‌ಹೌಸ್’ ಆದ ಮೇಲೆ ‘ಲೆಜೆಂಡ್ಸ್’ನ ಮೂರನ್ನು, ಪುರುಸೊತ್ತಿಲ್ಲದಿದ್ದರೆ ಮೊದಲನೆಯದನ್ನಾದರೂ ಓದಿ, ‘ಚಾಪ್ಟರ್‌ಹೌಸ್’ನ ಕೊನೆಯ ಪುಟಗಳನ್ನು ಇನ್ನೊಮ್ಮೆ ನೋಡಿ, ಆಮೇಲೆ ‘ಹಂಟರ್ಸ್’, ‘ಸ್ಯಾಂಡ್‌ವರ್ಮ್ಸ್’ ಹಿಡಿಯಿರಿ.

ಕಥೆಯ ಕಾಲಾನುಕ್ರಮದಲ್ಲೇ ಓದಿದರೆ ಏನು ತಪ್ಪು? (ಗುಟ್ಟು ಇದೆ)

ಹತ್ತು ಸಾವಿರ ವರ್ಷ ಹಿಂದಿನಿಂದ ಶುರು ಮಾಡಿದರೆ ‘ಡ್ಯೂನ್’ ತಲುಪುವ ಹೊತ್ತಿಗೆ ಅದರ ದೊಡ್ಡ ಬಿಚ್ಚಿಡುವಿಕೆಗಳೆಲ್ಲ ಸತ್ತಿರುತ್ತವೆ. ಜೆಸ್ಸಿಕಾ ಬ್ಯಾರನ್‌ನ ಮಗಳು ಎಂಬುದು ಮರುಭೂಮಿಯ ಡೇರೆಯೊಳಗೆ ಪಾಲ್‌ಗೆ ಹೊಳೆಯುವ ಕ್ಷಣ ಮೂಲದ ಎದೆ ನಡುಗಿಸುವ ಪುಟಗಳಲ್ಲೊಂದು. ‘ಹೌಸ್ ಅಟ್ರೈಡಿಸ್’ ಓದಿದವರಿಗೆ ಅದು ಮೊದಲೇ ಗೊತ್ತು. ಪೂರ್ವಕಥೆ ಎಂಬ ಹೆಸರಿದ್ದರೂ ಅವು ‘ಡ್ಯೂನ್’ ಓದಿದವರಿಗಾಗಿಯೇ ಬರೆದ ಪುಸ್ತಕಗಳು.

ಬೇರೆ ಸರಣಿಗಳಲ್ಲೂ ಹೀಗೇ ಆಗಿದೆಯೇ?

ಆಗಿದೆ, ಆದರೆ ಪ್ರತಿಯೊಂದರ ನೋವು ಬೇರೆ. ಅಸಿಮೋವ್ 1992ರಲ್ಲಿ ತೀರಿಕೊಂಡ ಮೇಲೆ ‘ಫೌಂಡೇಶನ್’ಗೆ ಮೂವರು ಬರೆದರು: ಗ್ರೆಗರಿ ಬೆನ್‌ಫರ್ಡ್ (1997), ಗ್ರೆಗ್ ಬೇರ್ (1998), ಡೇವಿಡ್ ಬ್ರಿನ್ (1999). ಅಸಿಮೋವ್ ಕಥಾಕಾಲದ ದೃಷ್ಟಿಯಿಂದ ಕೊನೆಯದಾದ ‘ಫೌಂಡೇಶನ್ ಅಂಡ್ ಅರ್ಥ್’ (1986) ಅನ್ನು ಒಂದು ಅನುಮಾನದಲ್ಲಿ ನಿಲ್ಲಿಸಿದ್ದರು. ಈ ಮೂವರು ಅಲ್ಲಿಗೆ ಹೋಗದೆ, ಕಥೆಯಲ್ಲಿ ಫೌಂಡೇಶನ್ ಸಂಸ್ಥೆ ಕಟ್ಟಿದ ಹ್ಯಾರಿ ಸೆಲ್ಡನ್ ಬದುಕಿದ್ದ ಕಾಲಕ್ಕೆ ಮರಳಿದರು. ‘ಡ್ಯೂನ್’ ಓದುಗರ ದೂರು ಬಾಗಿಲು ಹಾಕಿದರು ಎಂದಾದರೆ, ಇಲ್ಲಿ ಬಾಗಿಲನ್ನು ಮುಟ್ಟಲೇ ಇಲ್ಲ ಎಂಬ ದೂರು. ಬೆನ್‌ಫರ್ಡ್ ಪುಸ್ತಕದಲ್ಲಿ ವೋಲ್ಟೇರ್ ಮತ್ತು ಜೋನ್ ಆಫ್ ಆರ್ಕ್‌ರ ಕಂಪ್ಯೂಟರ್ ಪ್ರತಿರೂಪಗಳು ಪುಟಗಟ್ಟಲೆ ವಾದ ಮಾಡುವುದು ಹಲವರಿಗೆ ಹೊರಗಿನದೆನಿಸಿತು.

ಡಗ್ಲಸ್ ಆಡಮ್ಸ್‌ನ ‘ಹಿಚ್‌ಹೈಕರ್ಸ್’ ಸರಣಿಯ ಆರನೆಯದನ್ನು ಓಯಿನ್ ಕೋಲ್ಫರ್ 2009ರಲ್ಲಿ, ಆಡಮ್ಸ್ ಪತ್ನಿಯ ಒಪ್ಪಿಗೆಯೊಂದಿಗೆ ಬರೆದರು. ಅಲ್ಲಿ ಕಥೆಗಿಂತ ಹಾಸ್ಯದ ಲಯ ದೊಡ್ಡ ತೊಡಕಾಯಿತು. ಕಥೆಯ ನಡುವೆ ಗೈಡ್ ಎಂಬ ಕಾಲ್ಪನಿಕ ಪ್ರವಾಸ ಕೈಪಿಡಿಯ ಟಿಪ್ಪಣಿಗಳು ಪದೇ ಪದೇ ನುಗ್ಗಿ ಓಟ ತಡೆಯುತ್ತವೆ. ಆರ್ಥರ್ ಸಿ. ಕ್ಲಾರ್ಕ್ ಮಾತ್ರ ನೇರ ದಾರಿ ಹಿಡಿದರು. ‘2001’ ಕಾದಂಬರಿಯಲ್ಲಿ ಹಡಗು ಹೋಗುವುದು ಶನಿಗ್ರಹಕ್ಕೆ, ಸಿನಿಮಾದಲ್ಲಿ ಗುರುಗ್ರಹಕ್ಕೆ. ‘2010’ (1982) ಬರೆಯುವಾಗ ಅವರು ತಮ್ಮದೇ ಕಾದಂಬರಿ ಬಿಟ್ಟು ಸಿನಿಮಾವನ್ನು ಅನುಸರಿಸಿದರು, ಅದನ್ನು ಮುಚ್ಚಿಡದೆ ಹೇಳಿಯೂ ಬಿಟ್ಟರು. ಅದರಿಂದ ಜಗಳ ಬೆಳೆಯಲಿಲ್ಲ.

ಸಿನಿಮಾ ಮತ್ತು ಟಿವಿ ಸರಣಿ ಮಾತ್ರ ನೋಡಿದ್ದೇನೆ. ಯಾವ ಪುಸ್ತಕದಿಂದ ಶುರು ಮಾಡಲಿ?

ಡೆನಿ ವಿಲ್ನವ್ ಅವರ 2021 ಮತ್ತು 2024ರ ಚಿತ್ರಗಳು ಸೇರಿ ಮೊದಲ ಕಾದಂಬರಿಯನ್ನು ಮುಗಿಸುತ್ತವೆ. ಆದರೂ ಅದನ್ನೇ ಮೊದಲು ಓದಿ. ಎರಡನೆಯ ಚಿತ್ರದ ಕೊನೆಯಲ್ಲಿ ಚಾನಿ ತಿರುಗಿ ಹೊರಡುವುದು ಪುಸ್ತಕದಲ್ಲಿಲ್ಲ. ಆ ವ್ಯತ್ಯಾಸ ತಿಳಿಯದೆ ‘ಮೆಸ್ಸಾಯ’ ತೆರೆದರೆ ಗೊಂದಲ ಖಂಡಿತ. 2024ರ ‘ಡ್ಯೂನ್: ಪ್ರೊಫೆಸಿ’ ಟಿವಿ ಸರಣಿಗೆ ಆಧಾರ ‘ಸಿಸ್ಟರ್‌ಹುಡ್ ಆಫ್ ಡ್ಯೂನ್’ (2012), ಅಂದರೆ ಹೊಸ ಜೋಡಿಯ ಪುಸ್ತಕ. ಸರಣಿ ಹಿಡಿಸಿದವರಿಗೆ ಅದು ಸಹಜ ಆಯ್ಕೆ.

ಹೊಸ ಪುಸ್ತಕ ಇಷ್ಟವಾಗಲಿಲ್ಲ. ವಿಮರ್ಶೆ ಬರೆಯುವಾಗ ಏನು ಗಮನಿಸಲಿ?

ಲೇಖಕರ ಉದ್ದೇಶ, ದುಡ್ಡಿನಾಸೆ ಇತ್ಯಾದಿಗಳನ್ನು ಬಿಡಿ. ಅವು ನಿಮಗೆ ಕಾಣುವುದಿಲ್ಲ, ಓದುವವರಿಗೆ ಉಪಯೋಗವೂ ಇಲ್ಲ. ಯಾವ ದೃಶ್ಯ ಕುಸಿಯಿತು, ಮೂಲದ ಯಾವ ಮಾತಿಗೆ ಅದು ಹೊಂದುವುದಿಲ್ಲ ಎಂದು ತೋರಿಸಿ. ಮೆಚ್ಚಿದವರ ವಾದವನ್ನೂ ಒಂದು ವಾಕ್ಯದಲ್ಲಾದರೂ ನ್ಯಾಯವಾಗಿ ಹೇಳಿ. ಅನೇಕರು ಮೊದಲು ಈ ಲೋಕಕ್ಕೆ ಬಂದದ್ದು ಸಲೀಸಾಗಿ ಓದಿಸಿಕೊಳ್ಳುವ ಈ ಪುಸ್ತಕಗಳ ಮೂಲಕ, ಫ್ರಾಂಕ್‌ನ ಕಡೆಗೆ ಬಂದದ್ದು ಆಮೇಲೆ.

‘ಚಾಪ್ಟರ್‌ಹೌಸ್’ ನಂತರದ ಗುಟ್ಟುಗಳನ್ನು ಶೀರ್ಷಿಕೆಯಲ್ಲಿ ಹಾಕಬೇಡಿ. ಮೂಲದಿಂದ ಉಲ್ಲೇಖಿಸುವಾಗ ಪುಟಸಂಖ್ಯೆ ಕೊಟ್ಟರೆ ಸಾಲದು, ಆವೃತ್ತಿಯಿಂದ ಆವೃತ್ತಿಗೆ ಅದು ಬದಲಾಗುತ್ತದೆ. ‘ಡ್ಯೂನ್’ನ ಅಧ್ಯಾಯಗಳಿಗೆ ಸಂಖ್ಯೆಯೂ ಇಲ್ಲ. ಆದ್ದರಿಂದ ಯಾವ ಭಾಗ ಎಂದು ಹೇಳಿ, ಅಧ್ಯಾಯದ ತಲೆಯ ಮೇಲಿನ ಉಲ್ಲೇಖದ ಮೊದಲ ನಾಲ್ಕೈದು ಪದಗಳನ್ನು ಕೊಡಿ. ಯಾರ ಕೈಯಲ್ಲಿ ಯಾವ ಪ್ರತಿ ಇದ್ದರೂ ಜಾಗ ಸಿಗುತ್ತದೆ.